ಅಂಗಡಿಯ ದೀಪಫಲಕಗಳು

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಪಟ್ಟಣಗಳ ಪೇಟೆಬೀದಿಯಲ್ಲಿ ನಡೆದುಹೋಗುವವರ ಕಣ್ಣಿಗೆ, ಅಂಗಡಿಯೊಳಗಿನ ಸರಕಿಗಿಂತ ಮೊದಲು ಬೀಳುವುದು ಅಂಗಡಿಯ ನೆತ್ತಿಯ ಮೇಲೆ ಹೊಳೆಯುವ ಹೆಸರು. ಕೆಂಪು, ನೀಲಿ, ಹಸುರು, ಬಿಳುಪು ಎಂದು ನಾನಾ ಬಣ್ಣಗಳಲ್ಲಿ ಬೆಳಗುವ ಈ ಹೆಸರುಗಳನ್ನು ನಾವು ದಿನವೂ ಓದುತ್ತೇವೆ. ಆದರೆ ಆ ಅಕ್ಷರಗಳೊಳಗೆ ಬೆಳಕು ಹೇಗೆ ಬಂದಿತು, ಕೆಲವು ಫಲಕಗಳು ಹತ್ತಾರು ವರ್ಷ ಒಂದೇ ಸಮನಾಗಿ ಬೆಳಗುತ್ತಿರಲು ಬೇರೆ ಕೆಲವು ಮೊದಲ ಮಳೆಗಾಲದಲ್ಲಿಯೇ ಏಕೆ ಕುರುಡಾಗುವುವು, ಎಂಬುದನ್ನು ವಿಚಾರಿಸುವವರು ವಿರಳ. ಈ ಹೊತ್ತು ಶ್ರೋತೃಗಳ ಮುಂದೆ ನಾವು ಇಡಬೇಕೆಂದಿರುವುದು ಈ ವಿಷಯವನ್ನೇ.

ಇದು ವರ್ತಕರಿಗೆ ಮಾತ್ರ ಸೇರಿದ ವಿಚಾರವೆಂದು ತೋರಬಹುದು. ನಮಗೂ ಹಾಗೆಯೇ ತೋರಿತ್ತು. ನಾವು ವಾಸಮಾಡುವ ಬೀದಿಯ ಕೊನೆಯಲ್ಲಿ ಒಂದು ಔಷಧದ ಅಂಗಡಿಯುಂಟು. ಅದರ ಯಜಮಾನರು ಕೆಲವು ವರ್ಷಗಳ ಹಿಂದೆ, ಉಳಿತಾಯದ ಬಹುಭಾಗವನ್ನು ವೆಚ್ಚಮಾಡಿ, ಬಾಗಿಲ ಮೇಲೆ ಒಂದು ದೀಪಫಲಕವನ್ನು ಹಾಕಿಸಿದರು. ಯುಗಾದಿಗೆ ಬೆಳಗಿದ ಫಲಕದಲ್ಲಿ ಆಷಾಢದ ಹೊತ್ತಿಗೆ ಒಂದು ಅಕ್ಷರ ಆರಿತು. ದಸರೆಯ ಹೊತ್ತಿಗೆ ಮೂರು ಆರಿದುವು. ಆ ದಿನಗಳಲ್ಲಿ ಒಂದು ರಾತ್ರಿ, ಮಗುವಿನ ಜ್ವರಕ್ಕೆ ಮದ್ದನ್ನು ಅರಸುತ್ತ ಬಂದ ಪರಸ್ಥಳದವರೊಬ್ಬರು, ಆ ಅಂಗಡಿಗೆ ಇಪ್ಪತ್ತು ಗಜದ ದೂರದಲ್ಲಿಯೇ ನಿಂತು, ಔಷಧದ ಅಂಗಡಿ ಎಲ್ಲಿರುವುದೆಂದು ನಮ್ಮನ್ನು ಕೇಳಿದರು. ಅಂದಿನಿಂದ ಈ ಫಲಕಗಳ ವಿದ್ಯೆಯನ್ನು ತಕ್ಕಮಟ್ಟಿಗಾದರೂ ತಿಳಿಯಬೇಕೆಂಬ ಆಸೆ ನಮಗೆ ಹುಟ್ಟಿತು. ಆ ಫಲಕವನ್ನು ಬಿಚ್ಚಿದಾಗ ಒಳಗೆ ಏನು ಕಂಡಿತೆಂಬುದನ್ನು ಮುಂದೆ ಹೇಳುವೆವು.

ಯಾವ ದೀಪಫಲಕವನ್ನೇ ತೆಗೆದುಕೊಂಡರೂ ಅದರಲ್ಲಿ ನಾಲ್ಕು ಅಂಗಗಳಿರುವುವು: ಬೆಳಕನ್ನು ಹುಟ್ಟಿಸುವ ದೀಪ; ಅದಕ್ಕೆ ತಕ್ಕ ವಿದ್ಯುತ್ತನ್ನು ಒದಗಿಸುವ ಸಾಧನ; ಬೆಳಕಿಗೆ ಅಕ್ಷರದ ರೂಪವನ್ನು ಕೊಡುವ ಕೊಳವೆ ಅಥವಾ ಪೆಟ್ಟಿಗೆ; ಇವೆಲ್ಲವನ್ನೂ ಮಳೆ, ಬಿಸಿಲು, ಗಾಳಿಗಳಿಂದ ಕಾಪಾಡಿ ಗೋಡೆಗೆ ಹಿಡಿದಿಡುವ ಕಟ್ಟು. ಈ ನಾಲ್ಕರಲ್ಲಿ ಬೀದಿಯವರಿಗೆ ಕಾಣುವುದು ಮೂರನೆಯದು ಮಾತ್ರ. ಫಲಕವು ಕೆಡುವುದು ಬಹುಮಟ್ಟಿಗೆ ಉಳಿದ ಮೂರರ ದೋಷದಿಂದ. ಕೊಳ್ಳುವವರು ಕಾಣುವ ಅಂಗಕ್ಕೆ ಬೆಲೆ ಕಟ್ಟಿ ಕಾಣದ ಅಂಗಗಳನ್ನು ವಿಚಾರಿಸದೆ ಬಿಡುವುದರಿಂದಲೇ ಅವರಿಗೆ ನಷ್ಟವುಂಟಾಗುವುದೆಂಬುದು ನಮ್ಮ ಭಾಷಣದ ಸಾರ.

ಬೆಳಕಿನಿಂದ ರೂಪವನ್ನು ಬರೆಯುವುದಕ್ಕೆ ವಿದ್ಯುತ್ತು ಬಂದ ಮೇಲೆ ಮೊದಲು ಹುಟ್ಟಿದ ಉಪಾಯವೆಂದರೆ ಬಲ್ಬುಗಳ ಸಾಲು. ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬಲ್ಬುಗಳ ಸಾಲಿನ ಸೊಬಗನ್ನು ಕಾಣಬೇಕೆನ್ನುವವರು ದಸರೆಯ ರಾತ್ರಿ ಮೈಸೂರಿನ ಅರಮನೆಯ ಎದುರಿನಲ್ಲಿ ನಿಂತರೆ ಸಾಕು. ಸುಮಾರು ಒಂದು ಲಕ್ಷ ಸಣ್ಣ ಬಲ್ಬುಗಳು ಕಮಾನು, ಗೋಪುರ, ಕಳಶಗಳ ಅಂಚನ್ನು ಹಿಡಿದು ಹೊತ್ತಿಕೊಂಡಾಗ, ದೂರದಿಂದ ನೋಡುವ ಕಣ್ಣು ಆ ಚುಕ್ಕೆಗಳನ್ನೆಲ್ಲ ಒಂದುಗೂಡಿಸಿ ಗೆರೆಯನ್ನಾಗಿ ಕಾಣುತ್ತದೆ. ನಮ್ಮ ಹೆಂಗಸರು ಅಂಗಳದಲ್ಲಿ ಚುಕ್ಕೆಯಿಟ್ಟು ರಂಗೋಲಿ ಎಳೆಯುವಂತೆ, ಇಲ್ಲಿ ಗೆರೆ ಎಳೆಯುವ ಕೆಲಸವನ್ನು ಕಣ್ಣೇ ಮಾಡಿಕೊಳ್ಳುವುದು. ಆದರೆ ಅಂಗಡಿಯ ಫಲಕವನ್ನು ಓದುವವನು ಹತ್ತಿರದಲ್ಲಿರುವನು. ಹತ್ತಿರಕ್ಕೆ ಚುಕ್ಕೆಗಳು ಚುಕ್ಕೆಗಳಾಗಿಯೇ ಉಳಿಯುವುವು. ಅಲ್ಲದೆ ತಂತಿ ಕಾದು ಬೆಳಗುವ ಬಲ್ಬು, ತಾನು ನುಂಗಿದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತದೆ; ಅದರ ಆಯುಸ್ಸು ಸುಮಾರು ೧೦೦೦ ಗಂಟೆ. ದಿನಕ್ಕೆ ಐದು ಗಂಟೆಯಂತೆ ಉರಿಸಿದರೆ ಇನ್ನೂರು ರಾತ್ರಿಗಳಿಗೆ ಮುಗಿಯಿತು. ವರ್ಷಕ್ಕೊಮ್ಮೆ ಬರುವ ಉತ್ಸವಕ್ಕೆ ಒಪ್ಪುವ ಈ ಕ್ರಮವು ನಿತ್ಯದ ವ್ಯಾಪಾರಕ್ಕೆ ಒಪ್ಪಲಾರದು.

ಬಿಡಿ ಚುಕ್ಕೆಗಳಿಲ್ಲದೆ ಅಖಂಡವಾದ ಗೆರೆಯಾಗಿಯೇ ಬೆಳಗುವ ದೀಪವನ್ನು ಜಗತ್ತಿಗೆ ಕೊಟ್ಟದ್ದು ನಿಯಾನ್ ಎಂಬ ಅನಿಲ. ಇದು ನಾವು ಉಸಿರಾಡುವ ಗಾಳಿಯಲ್ಲಿಯೇ ಇದೆ. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹದಿನೆಂಟು ಪಾಲು ಮಾತ್ರ. ೧೮೯೮ರಲ್ಲಿ ಲಂಡನ್ ನಗರದಲ್ಲಿ ಸರ್ ವಿಲಿಯಂ ರ್‍ಯಾಮ್ಸೆ ಮತ್ತು ಮಾರಿಸ್ ಟ್ರ್ಯಾವರ್ಸ್ ಎಂಬ ವಿಜ್ಞಾನಿಗಳು, ದ್ರವರೂಪಕ್ಕೆ ತಂದ ಅನಿಲವನ್ನು ಮೆಲ್ಲಮೆಲ್ಲನೆ ಕುದಿಸಿ ಪಾಲುಪಾಲಾಗಿ ಬೇರ್ಪಡಿಸುತ್ತಿದ್ದಾಗ, ಒಂದು ಪಾಲನ್ನು ಗಾಜಿನ ಕೊಳವೆಯಲ್ಲಿಟ್ಟು ವಿದ್ಯುತ್ತನ್ನು ಹಾಯಿಸಲು, ಅದು ಹಿಂದೆ ಯಾರೂ ಕಾಣದ ಕಡುಗೆಂಪು ಬೆಳಕನ್ನು ಚೆಲ್ಲಿತು. ಹೊಸದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ನಿಯಾನ್ ಎಂದು ಹೆಸರಾಯಿತು.

ಈ ಇಬ್ಬರು ಪಂಡಿತರಿಗೂ ನಮ್ಮ ನಾಡಿಗೂ ಇರುವ ನಂಟನ್ನು ಇಲ್ಲಿ ನೆನೆಯುವುದು ಉಚಿತ. ಜಮ್‌ಷೇಟ್‌ಜಿ ಟಾಟಾ ಅವರು ಒಂದು ವಿಜ್ಞಾನಸಂಸ್ಥೆಯನ್ನು ಕಟ್ಟಬೇಕೆಂದು ಸಂಕಲ್ಪಿಸಿದಾಗ, ೧೯೦೦ರಲ್ಲಿ ಭಾರತಕ್ಕೆ ಬಂದು ಊರೂರು ನೋಡಿ, ಬೆಂಗಳೂರೇ ತಕ್ಕ ಸ್ಥಳವೆಂದು ಸಲಹೆಯಿತ್ತವರು ರ್‍ಯಾಮ್ಸೆ. ಆ ಸಂಸ್ಥೆಗೆ, ಎಂದರೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ, ಮೊದಲನೆಯ ನಿರ್ದೇಶಕರಾಗಿ ೧೯೦೬ರಲ್ಲಿ ಬಂದು ೧೯೧೪ರವರೆಗೆ ಇದ್ದವರು ಟ್ರ್ಯಾವರ್ಸ್. ಬೆಂಗಳೂರಿನ ಅಂಗಡಿಬೀದಿಗಳಲ್ಲಿ ಮುಂದೆ ಬೆಳಗಿದ ಕೆಂಪು ಅಕ್ಷರಗಳ ಮೂಲವನ್ನು ಕಂಡುಹಿಡಿದವರೇ ಆ ಊರಿನ ವಿದ್ಯಾಸಂಸ್ಥೆಗೂ ಅಡಿಪಾಯವನ್ನು ಹಾಕಿದರೆಂಬುದನ್ನು ಆ ಬೀದಿಗಳಲ್ಲಿ ನಡೆಯುವವರಲ್ಲಿ ಬಹುಜನ ಅರಿಯರು.

ಪ್ರಯೋಗಶಾಲೆಯ ಈ ಬೆಳಕನ್ನು ಬೀದಿಗೆ ತಂದವರು ಫ್ರಾನ್ಸಿನ ಜಾರ್ಜ್ ಕ್ಲೋಡ್. ಗಾಳಿಯನ್ನು ದ್ರವಮಾಡಿ ಆಮ್ಲಜನಕವನ್ನು ತೆಗೆಯುವ ಉದ್ಯಮದಲ್ಲಿದ್ದ ಅವರಿಗೆ ನಿಯಾನ್ ಅನಿಲವು ಮಿಕ್ಕುಳಿದ ಪದಾರ್ಥವಾಗಿ ದೊರೆಯುತ್ತಿತ್ತು. ೧೯೧೦ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಅವರು ೧೨ ಮೀಟರ್ ಉದ್ದದ ಎರಡು ಕೆಂಪು ಕೊಳವೆಗಳನ್ನು ಬೆಳಗಿಸಿ ತೋರಿಸಿದರು; ೧೯೧೨ರಲ್ಲಿ ಅದೇ ನಗರದ ಒಂದು ಕ್ಷೌರದಂಗಡಿಯ ಮೇಲೆ ನಿಯಾನ್ ಫಲಕ ಏರಿತು. ಆದರೆ ಕ್ಲೋಡರ ನಿಜವಾದ ಸಾಧನೆ ಕಣ್ಣಿಗೆ ಕಾಣದ ಕಡೆಯಲ್ಲಿತ್ತು. ಕೊಳವೆಯ ಎರಡು ತುದಿಗಳಲ್ಲಿ ವಿದ್ಯುತ್ತನ್ನು ಒಳಕ್ಕೆ ಬಿಡುವ ಲೋಹದ ತುಂಡುಗಳಿರುವುವು, ಇವನ್ನು ವಿದ್ಯುದಗ್ರಗಳೆನ್ನುವರು. ಹಿಂದಿನ ಕೊಳವೆಗಳಲ್ಲಿ ಇವು ಸವೆದು, ಸವೆದ ಲೋಹದ ಕಣಗಳು ಗಾಜಿಗೆ ಅಂಟಿ, ಅನಿಲವನ್ನು ನುಂಗಿಬಿಡುತ್ತಿದ್ದುದರಿಂದ ಬೆಳಕು ಬೇಗನೆ ನಂದುತ್ತಿತ್ತು. ಕ್ಲೋಡರು ಅವುಗಳ ಮೇಲ್ಮೈಯನ್ನು ವಿಶಾಲಮಾಡಿ ಸವೆತವನ್ನು ಬಹಳವಾಗಿ ತಗ್ಗಿಸಿದರು. ೧೯೧೫ರಲ್ಲಿ ಅಮೆರಿಕದಲ್ಲಿ ಅವರು ಪಡೆದ ಹಕ್ಕುಪತ್ರ ಈ ವಿದ್ಯುದಗ್ರವನ್ನೇ ಕುರಿತದ್ದು.

ಇನ್ನು ಈ ಕೊಳವೆಯನ್ನು ಮಾಡುವ ಕ್ರಮವನ್ನು ನೋಡೋಣ. ಮೊದಲು ಕುಶಲಕರ್ಮಿಯು ಬೆಂಕಿಗೆ ಸುಡದ ಹಾಳೆಯ ಮೇಲೆ ಅಕ್ಷರಗಳ ನಕ್ಷೆಯನ್ನು ತಿರುವುಮುರುವಾಗಿ ಬರೆದುಕೊಳ್ಳುವನು. ಬೆರಳು ಗಾತ್ರದ ಗಾಜಿನ ಕೊಳವೆಯನ್ನು ಅನಿಲದ ಉರಿಯಲ್ಲಿ ಕಾಯಿಸಿ, ಅದು ಕೆಂಪಾಗಿ ಮೆತ್ತಗಾದ ಕೂಡಲೆ ಹೊರಕ್ಕೆ ತೆಗೆದು ನಕ್ಷೆಯ ಮೇಲೆ ಬಾಗಿಸುವನು. ಇದಕ್ಕೆ ಅವನಿಗೆ ದೊರೆಯುವ ಅವಕಾಶ ಕೆಲವೇ ಕ್ಷಣಗಳು. ಬಾಗಿಸುವಾಗ ಕೊಳವೆ ಚಪ್ಪಟೆಯಾಗದಂತೆ, ಒಂದು ತುದಿಗೆ ಜೋಡಿಸಿದ ರಬ್ಬರಿನ ನಾಳವನ್ನು ಬಾಯಲ್ಲಿ ಹಿಡಿದು ಮೆಲ್ಲನೆ ಊದುತ್ತಿರುವನು. ಉಸಿರು ಹೆಚ್ಚಾದರೆ ಗಾಜು ಗುಳ್ಳೆಯಾಗಿ ತೆಳುವಾಗುವುದು. ಕಡಮೆಯಾದರೆ ಬಾಗು ಕುಗ್ಗಿ ಬೆಳಕಿನ ದಾರಿ ಇಕ್ಕಟ್ಟಾಗುವುದು. ಒಳ್ಳೆಯ ಕೊಳವೆಯ ಬಾಗುಗಳಲ್ಲಿ ಗಾತ್ರವು ನೇರ ಭಾಗದಲ್ಲಿದ್ದಷ್ಟೇ ಇರುವುದು. ಒಂದಕ್ಷರಕ್ಕೂ ಇನ್ನೊಂದಕ್ಷರಕ್ಕೂ ನಡುವೆ ಕೊಳವೆ ಹಾದುಹೋಗುವ ಎಡೆಗಳಿಗೆ ಕೊನೆಯಲ್ಲಿ ಕಪ್ಪು ಬಣ್ಣವನ್ನು ಬಳಿದು ಬೆಳಕನ್ನು ಮರೆಮಾಡುವರು.

ತುದಿಗಳಲ್ಲಿ ವಿದ್ಯುದಗ್ರಗಳನ್ನು ಬೆಸೆದ ತರುವಾಯ ಬರುವುದು ಶುದ್ಧೀಕರಣ. ಕೊಳವೆಯೊಳಗಿನ ಗಾಳಿಯನ್ನು ಯಂತ್ರದಿಂದ ಹೀರಿ, ಬಲವಾದ ವಿದ್ಯುತ್ಪ್ರವಾಹವನ್ನು ಹಾಯಿಸಿ, ಗಾಜು ೨೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವಂತೆಯೂ ವಿದ್ಯುದಗ್ರಗಳು ಕೆಂಪಗೆ ಕಾಯುವಂತೆಯೂ ಮಾಡುವರು. ಗಾಜಿಗೂ ಲೋಹಕ್ಕೂ ಅಂಟಿಕೊಂಡಿದ್ದ ನೀರಿನ ಪಸೆ, ಧೂಳು, ಎಣ್ಣೆ ಮೊದಲಾದುವು ಆ ಕಾವಿಗೆ ಆವಿಯಾಗಿ ಹೊರಡುವುವು. ಅವನ್ನೆಲ್ಲ ಮತ್ತೆ ಹೀರಿ ತೆಗೆದು, ಕೊಳವೆಯನ್ನು ಆರಲು ಬಿಟ್ಟು, ಒಳಗೆ ಶುದ್ಧವಾದ ನಿಯಾನನ್ನು ವಾಯುಭಾರದ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ತುಂಬಿ, ಗಾಜಿನ ಬಾಯನ್ನು ಕರಗಿಸಿ ಮುಚ್ಚುವರು. ಅವಸರದಲ್ಲಿ ಈ ಶುದ್ಧೀಕರಣವನ್ನು ಮೊಟಕುಮಾಡಿದ ಕೊಳವೆಯೂ ಮೊದಲ ದಿನ ಚೆನ್ನಾಗಿಯೇ ಬೆಳಗುವುದು. ಒಳಗುಳಿದ ಕಲ್ಮಷ ಕೆಲವು ತಿಂಗಳುಗಳಲ್ಲಿ ಬೆಳಕನ್ನು ಮಸುಕುಮಾಡಿ, ಮಿಣುಕಿಸಿ, ಕೊನೆಗೆ ನಂದಿಸುವುದು. ಇದನ್ನು ಸರಿಯಾಗಿ ನಡೆಸಿದ ಕೊಳವೆಗಳು ಇಪ್ಪತ್ತು ಮೂವತ್ತು ವರ್ಷ ಬಾಳಿರುವುದುಂಟು.

ನಿಯಾನಿನ ಸಹಜವಾದ ಬಣ್ಣ ಕಿತ್ತಳೆ ಬೆರೆತ ಕೆಂಪು ಒಂದೇ. ನೀಲಿ ಬೇಕಾದರೆ ಆರ್ಗಾನ್ ಅನಿಲವನ್ನು ತುಂಬಿ ಒಂದು ತೊಟ್ಟು ಪಾದರಸವನ್ನು ಸೇರಿಸುವರು. ಪಾದರಸದ ಆವಿಯಿಂದ ಹೊರಡುವ, ಕಣ್ಣಿಗೆ ಕಾಣದ ಕಿರಣಗಳನ್ನು ನುಂಗಿ ಕಾಣುವ ಬೆಳಕನ್ನಾಗಿ ಚೆಲ್ಲುವ ಪುಡಿಗಳುಂಟು; ಇವಕ್ಕೆ ಪ್ರತಿದೀಪಕಗಳೆಂದು ಹೆಸರು. ಇವನ್ನು ಕೊಳವೆಯ ಒಳಮೈಗೆ ಬಳಿದರೆ ಹಸುರು, ಹಳದಿ, ಬಿಳುಪು ಮುಂತಾದ ಬಣ್ಣಗಳು ದೊರೆಯುವುವು. ಇಂಥ ಕೊಳವೆಗಳನ್ನು ಉರಿಸಲು ೨೦೦೦ದಿಂದ ೧೫,೦೦೦ ವೋಲ್ಟುಗಳವರೆಗಿನ ಒತ್ತಡ ಬೇಕು. ಮನೆಗೆ ಬರುವ ೨೩೦ ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಎಂಬ ಸಾಧನ ಈ ಮಟ್ಟಕ್ಕೇರಿಸುವುದು. ಇಷ್ಟು ಒತ್ತಡದ ವಿದ್ಯುತ್ತು ಸಣ್ಣ ಬಿರುಕು ಸಿಕ್ಕಿದರೂ ಗೋಡೆಗೆ ಹಾರುವುದು; ತೇವವಾದ ಮರ, ಧೂಳು, ಹಳೆಯ ಬಟ್ಟೆಯ ಪರದೆ ಇವುಗಳಿಗೆ ಬೆಂಕಿಯೂ ತಗುಲಬಹುದು. ಆದಕಾರಣ ತಂತಿಗೆ ಉತ್ತಮವಾದ ನಿರೋಧಕ ಹೊದಿಕೆ, ಕೊಳವೆಯನ್ನು ಗೋಡೆಯಿಂದ ದೂರ ನಿಲ್ಲಿಸುವ ಗಾಜಿನ ಆಧಾರಗಳು, ಲೋಹದ ಭಾಗಗಳಿಗೆಲ್ಲ ಭೂಸಂಪರ್ಕ, ಈ ಮೂರರಲ್ಲಿ ಜಿಪುಣತನ ಸಲ್ಲದು.

ನಿಯಾನಿನ ತರುವಾಯ, ತಗಡಿನ ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟುಗಳನ್ನಿಟ್ಟು ಮುಂದೆ ಬಣ್ಣದ ಹಾಳೆಯನ್ನು ಬಿಗಿಯುವ ಕ್ರಮವು ಬಹುಕಾಲ ನಡೆಯಿತು. ಅದು ಅಗ್ಗವಾದುದು, ಆದರೆ ಇಡೀ ಹಲಗೆ ಬೆಳಗುವುದರಿಂದ ಅಕ್ಷರದ ಹೊಳಪಿಗೆ ಹಿನ್ನೆಲೆಯ ಹೊಳಪೇ ಪೈಪೋಟಿಯಾಗುತ್ತಿತ್ತು. ಅದನ್ನು ಇಷ್ಟಕ್ಕೇ ಬಿಟ್ಟು, ಈಗ ಎಲ್ಲೆಡೆಯಲ್ಲಿಯೂ ಹರಡಿರುವ ಎಲ್.ಇ.ಡಿ. ದೀಪಗಳ ವಿಷಯಕ್ಕೆ ಬರೋಣ.

ಎಲ್.ಇ.ಡಿ. ಎಂಬುದು ಸಾಸಿವೆಕಾಳಿನಷ್ಟು ಸಣ್ಣದಾದ ಒಂದು ಹರಳು. ಇದರಲ್ಲಿ ತಂತಿಯೂ ಇಲ್ಲ, ಅನಿಲವೂ ಇಲ್ಲ. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದಾಗ ಹರಳೇ ಬೆಳಕನ್ನು ಬೀರುವುದು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಹರಳನ್ನು ೧೯೬೨ರಲ್ಲಿ ಅಮೆರಿಕದ ನಿಕ್ ಹಾಲನ್ಯಾಕ್ ಎಂಬವರು ಮಾಡಿದರು. ಆದರೆ ಹೊಳಪಾದ ನೀಲಿಯ ಹರಳು ದೊರೆಯಲು ಇನ್ನು ಮೂವತ್ತು ವರ್ಷ ಹಿಡಿಯಿತು. ಅದನ್ನು ಸಾಧಿಸಿದ ಜಪಾನಿನ ವಿಜ್ಞಾನಿಗಳಾದ ಅಕಸಾಕಿ, ಅಮಾನೋ, ನಾಕಮುರ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನೀಲಿಯ ಹರಳಿನ ಮೇಲೆ ಹಳದಿ ಬೆಳಕನ್ನು ಕೊಡುವ ಪ್ರತಿದೀಪಕವನ್ನು ಬಳಿದರೆ ಎರಡೂ ಬೆರೆತು ಬಿಳಿಯ ಬೆಳಕಾಗುವುದು. ಇಂದಿನ ಬಿಳಿಯ ಫಲಕಗಳೆಲ್ಲ ಹೆಚ್ಚುಕಡಮೆ ಇದರ ಫಲವೇ. ಇತ್ತೀಚೆಗೆ ನಿಯಾನ್ ಎಂಬ ಹೆಸರಿನಿಂದಲೇ ಮಾರಾಟವಾಗುವ, ಬಳ್ಳಿಯಂತೆ ಬಾಗುವ ಬೆಳಕಿನ ಪಟ್ಟಿಗಳಲ್ಲಿಯೂ ಇರುವುದು ಸಿಲಿಕೋನಿನ ಹೊದಿಕೆಯೊಳಗಿನ ಈ ಹರಳುಗಳೇ. ನಿಯಾನ್ ಅನಿಲದ ಗಂಧವೂ ಅದರಲ್ಲಿಲ್ಲ.

ಈ ಬಗೆಯ ಫಲಕದಲ್ಲಿ ಒಂದೊಂದು ಅಕ್ಷರವೂ ಒಂದೊಂದು ಪೆಟ್ಟಿಗೆ. ಅಲ್ಯೂಮಿನಿಯಂ ತಗಡಿನ ಪಟ್ಟಿಯನ್ನು ಅಕ್ಷರದ ಅಂಚಿನಂತೆ ಬಾಗಿಸಿ ಮೂರರಿಂದ ಐದು ಅಂಗುಲ ಎತ್ತರದ ಗೋಡೆಯನ್ನು ಮಾಡುವರು. ಹಿಂದೆ ಒಂದು ತಗಡನ್ನು ಸೇರಿಸಿ, ಅದರ ಮೇಲೆ ಹರಳುಗಳನ್ನು ಸಾಲಾಗಿ ಅಂಟಿಸಿ, ಮುಂದೆ ಹಾಲುಬಣ್ಣದ ಅಥವಾ ಬೇರೆ ಬಣ್ಣದ ಆಕ್ರಿಲಿಕ್ ಹಾಳೆಯನ್ನು ಮುಚ್ಚುವರು. ನೋಡಲು ಸುಲಭವಾಗಿ ತೋರುವ ಈ ಕೆಲಸದಲ್ಲಿ ಗುಣವನ್ನು ನಿರ್ಧರಿಸುವ ಅಂಶಗಳು ಐದು.

ಮೊದಲನೆಯದು ಬೆಳಕಿನ ಸಮತೆ. ಹರಳುಗಳು ವಿರಳವಾಗಿದ್ದರೆ, ಇಲ್ಲವೆ ಪೆಟ್ಟಿಗೆಯ ಆಳ ಸಾಲದಿದ್ದರೆ, ಅಕ್ಷರದ ಮೈಮೇಲೆ ಸಿಡುಬಿನ ಕಲೆಗಳಂತೆ ಹೊಳಪಿನ ಚುಕ್ಕೆಗಳು ಏಳುವುವು. ಒಂದು ದೀಪಕ್ಕೂ ಇನ್ನೊಂದಕ್ಕೂ ಇರುವ ಅಂತರವು ಪೆಟ್ಟಿಗೆಯ ಆಳವನ್ನು ಮೀರಬಾರದೆಂಬ ಸ್ಥೂಲವಾದ ನಿಯಮವನ್ನು ನೆನಪಿಡಬಹುದು. ಒಳಮೈಗೆ ಬಿಳಿಯ ಬಣ್ಣವನ್ನು ಬಳಿದರೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಮೂಲೆಮೂಲೆಯನ್ನೂ ತುಂಬುವುದು. ಬಿಳುಪೆಂಬುದರಲ್ಲಿಯೂ ನೀಲಿಯ ಛಾಯೆ, ಹಳದಿಯ ಛಾಯೆ ಎಂದು ಹಲವು ಬಗೆಗಳುಂಟು. ಒಂದು ಫಲಕಕ್ಕೆ ಬೇಕಾದ ಹರಳುಗಳೆಲ್ಲ ಒಂದೇ ತಂಡದಲ್ಲಿ ತಯಾರಾದುವಾಗಿರಬೇಕು. ಇಲ್ಲದಿದ್ದರೆ ಒಂದೇ ಹೆಸರಿನಲ್ಲಿ ಒಂದಕ್ಷರ ಹಾಲಿನಂತೆಯೂ ಇನ್ನೊಂದು ಮಜ್ಜಿಗೆಯಂತೆಯೂ ಕಾಣುವುದು.

ಎರಡನೆಯದು ವಿದ್ಯುತ್ತು. ಈ ದೀಪಗಳಲ್ಲಿ ಹೆಚ್ಚಿನವು ೧೨ ವೋಲ್ಟುಗಳಲ್ಲಿ ಉರಿಯತಕ್ಕವು. ಮೂರು ಬಿಳಿಯ ಹರಳುಗಳು ಒಂದರ ಹಿಂದೊಂದು ಸೇರಿ ಸುಮಾರು ೯ ವೋಲ್ಟನ್ನು ತೆಗೆದುಕೊಂಡರೆ, ಉಳಿದ ೩ ವೋಲ್ಟನ್ನು ಪ್ರವಾಹವನ್ನು ಮಿತಿಯಲ್ಲಿಡುವ ಒಂದು ಸಣ್ಣ ರೋಧಕ ಹೊರುವುದು. ತಂತಿ ಸಣ್ಣದಾಗಿ ಉದ್ದವಾಗಿದ್ದು, ಕೊನೆಯ ಅಕ್ಷರಕ್ಕೆ ತಲಪುವ ಹೊತ್ತಿಗೆ ೧೨ ವೋಲ್ಟು ೧೧ಕ್ಕೆ ಇಳಿದಿತೆನ್ನಿ. ಆಗ ರೋಧಕದ ಪಾಲಿಗೆ ೩ರ ಬದಲು ೨ ಉಳಿದು, ಪ್ರವಾಹ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ತಗ್ಗುವುದು. ಒಂದೇ ಒಂದು ವೋಲ್ಟಿನ ಕೊರತೆಯಿಂದ ಹೆಸರಿನ ಮೊದಲಕ್ಷರ ಹೊಳೆದು ಕೊನೆಯಕ್ಷರ ಬಾಡುವುದಕ್ಕೆ ಇದೇ ಕಾರಣ. ದಪ್ಪ ತಂತಿಯನ್ನು ಬಳಸುವುದು, ಎರಡು ಮೂರು ಕಡೆಗಳಿಂದ ವಿದ್ಯುತ್ತನ್ನು ಕೊಡುವುದು ಇದಕ್ಕೆ ಪರಿಹಾರ. ೨೩೦ ವೋಲ್ಟನ್ನು ೧೨ಕ್ಕೆ ಇಳಿಸಿಕೊಡುವ ಪೆಟ್ಟಿಗೆಯ ಮೇಲೂ ಅದರ ಶಕ್ತಿಗೆ ಮೀರಿದ ಭಾರವನ್ನು ಹೇರಬಾರದು. ೧೦೦ ವ್ಯಾಟಿನ ಪೆಟ್ಟಿಗೆಗೆ ೮೦ ವ್ಯಾಟಿನಷ್ಟು ದೀಪ ಸಾಕು. ಗಾಡಿ ಎಳೆಯುವ ಎತ್ತಿಗೂ ಈ ದಯೆಯನ್ನು ತೋರಿಸುವುದು ವಾಡಿಕೆಯಷ್ಟೆ.

ಮೂರನೆಯದು ಶಾಖ. ಎಲ್.ಇ.ಡಿ. ದೀಪ ತಣ್ಣಗಿರುವುದೆಂಬ ನಂಬಿಕೆ ಅರ್ಧ ಸತ್ಯ. ಅದು ಬಲ್ಬಿನಂತೆ ಸುಡದಿದ್ದರೂ ತನ್ನಲ್ಲಿ ಹುಟ್ಟಿದ ಶಾಖವನ್ನು ಹಿಂದಣ ತಗಡಿಗೆ ದಾಟಿಸಲೇಬೇಕು. ಹಿಂಬದಿಗೆ ಲೋಹದ ಬದಲು ಪ್ಲಾಸ್ಟಿಕ್ಕನ್ನು ಹಾಕಿದರೆ ಶಾಖ ಅಲ್ಲಿಯೇ ನಿಂತು, ೫೦,೦೦೦ ಗಂಟೆಗಳೆಂದು ಹೇಳಿ ಮಾರಿದ ಆಯುಸ್ಸು ಬಹುಬೇಗ ಕರಗಿಹೋಗುವುದು. ನಾಲ್ಕನೆಯದು ಮುಖದ ಹಾಳೆ. ಬಿಸಿಲಿಗೆ ಆಕ್ರಿಲಿಕ್ ಚೆನ್ನಾಗಿ ತಡೆಯುವುದು. ಪೆಟ್ಟಿಗೆ ಪಾಲಿಕಾರ್ಬೊನೇಟ್ ಹೆಚ್ಚು ತಡೆಯುವುದಾದರೂ, ತಕ್ಕ ಲೇಪವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುವುದು. ಎರಡು ಮೀಟರ್ ಉದ್ದದ ಆಕ್ರಿಲಿಕ್ ಹಾಳೆ ೩೦ ಡಿಗ್ರಿಯಷ್ಟು ಬಿಸಿಯೇರಿದರೆ ೪ ಮಿಲಿಮೀಟರಿನಷ್ಟು ಹಿಗ್ಗುವುದು. ಹಿಗ್ಗುವುದಕ್ಕೆ ಎಡೆಗೊಡದೆ ತಿರುಪುಗಳನ್ನು ಬಿಗಿದರೆ, ವೈಶಾಖದ ಮಧ್ಯಾಹ್ನದಲ್ಲಿ ಹಾಳೆ ಉಬ್ಬುವುದು ಅಥವಾ ತಿರುಪಿನ ಕಣ್ಣಿನಿಂದ ಸೀಳುವುದು.

ಐದನೆಯದು ನೀರು; ನಮ್ಮ ಮುಂಗಾರಿನ ನಾಡಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ವೈರಿ. ಔಷಧದಂಗಡಿಯ ಫಲಕವನ್ನು ಒಬ್ಬ ವೃದ್ಧ ಕೆಲಸಗಾರರು ಏಣಿಯನ್ನು ಹಾಕಿ ಇಳಿಸಿ ಬಿಚ್ಚಿದಾಗ ನಾವು ಅಲ್ಲಿಯೇ ಇದ್ದೆವು. ಮೊದಲು ಆರಿದ ಅಕ್ಷರವನ್ನು ಓರೆಮಾಡಿದ ಕೂಡಲೆ ಒಂದು ಲೋಟದಷ್ಟು ನೀರು ಕೆಳಕ್ಕೆ ಸುರಿಯಿತು. ಒಳಗೆ ತಂತಿಗಳನ್ನು ಬರಿದೆ ಹುರಿಮಾಡಿ ಮೇಲೊಂದು ಅಂಟುಪಟ್ಟಿಯನ್ನು ಸುತ್ತಿದ್ದರು. ಪಟ್ಟಿಯ ಅಂಟು ಸಡಿಲವಾಗಿ, ತಾಮ್ರವು ಹಸುರು ಕಿಲುಬನ್ನು ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಹರಳುಗಳಲ್ಲಿ ಹೆಚ್ಚಿನವು ಇನ್ನೂ ಜೀವದಿಂದಿದ್ದುವು. ಕೆಟ್ಟುದು ದೀಪವಲ್ಲ, ಗಂಟು. ಆ ವೃದ್ಧರು ಪೆಟ್ಟಿಗೆಯ ತಳವನ್ನು ಬೆರಳಿನಿಂದ ತಟ್ಟಿ, "ಇಲ್ಲಿ ಎರಡು ತೂತು ಕೊರೆದಿದ್ದರೆ ಇಷ್ಟು ಆಗುತ್ತಿರಲಿಲ್ಲ" ಎಂದರು. ನಮಗೆ ಆಶ್ಚರ್ಯವಾಯಿತು. ನೀರನ್ನು ತಡೆಯಬೇಕಾದ ಪೆಟ್ಟಿಗೆಗೆ ತೂತನ್ನು ಕೊರೆಯುವುದುಂಟೆ? ಅವರ ವಿವರಣೆ ಹೀಗಿತ್ತು: ಹಗಲು ಕಾದು ಹಿಗ್ಗಿದ ಒಳಗಾಳಿ ಸಂದಿಗಳಿಂದ ಹೊರಕ್ಕೆ ಹೋಗುವುದು, ಇರುಳು ತಣಿದಾಗ ಹೊರಗಿನ ತೇವದ ಗಾಳಿಯನ್ನು ಅದೇ ಸಂದಿಗಳಿಂದ ಒಳಕ್ಕೆ ಎಳೆದುಕೊಳ್ಳುವುದು. ಎಷ್ಟು ಮುಚ್ಚಿದರೂ ಪಸೆ ಒಳಸೇರಿ ನೀರಾಗುವುದು ತಪ್ಪದು. ಆದುದರಿಂದ ಬಂದ ನೀರಿಗೆ ತಳದಲ್ಲಿ ಹೋಗುವ ದಾರಿ ಇರಬೇಕು. ಗಂಟುಗಳೆಲ್ಲ ನೀರು ತಾಗದ ಮುಚ್ಚಳದೊಳಗಿದ್ದು ಮೇಲ್ಭಾಗದಲ್ಲಿರಬೇಕು. ಆ ಎರಡು ತೂತುಗಳಿಗೆ ಒಂದು ಕಾಸಿನ ಖರ್ಚೂ ಇರಲಿಲ್ಲ. ಅವನ್ನು ಕೊರೆಯದ ಕಾರಣ ಒಬ್ಬ ಸಣ್ಣ ವರ್ತಕನ ಉಳಿತಾಯ ನೀರುಪಾಲಾಯಿತು.

ಇದುವರೆಗೆ ಹೇಳಿದ್ದು ಯಾವ ಭಾಷೆಯ ಫಲಕಕ್ಕಾದರೂ ಸಲ್ಲುವುದು. ಕನ್ನಡದ ಫಲಕಕ್ಕೆ ಇನ್ನೂ ಒಂದು ಎಚ್ಚರ ಬೇಕು. ಅಂಗಡಿಯ ಫಲಕಗಳಲ್ಲಿ ಶೇಕಡ ೬೦ ಭಾಗ ಕನ್ನಡವಿರತಕ್ಕದ್ದೆಂದು ಕರ್ನಾಟಕದಲ್ಲಿ ೨೦೨೪ರಲ್ಲಿ ಶಾಸನದ ತಿದ್ದುಪಡಿಯಾದ ಮೇಲೆ ಈ ಮಾತಿಗೆ ಹೆಚ್ಚಿನ ಅಗತ್ಯವುಂಟಾಗಿದೆ. ನಮ್ಮ ಲಿಪಿ ದುಂಡಾದುದು. ಚೂಪಾದ ಮೂಲೆಗಳಿಗಿಂತ ಅಗಲವಾದ ಬಾಗುಗಳಿಗೆ ಗಾಜು ಸುಲಭವಾಗಿ ಒಲಿಯುವುದರಿಂದ ನಿಯಾನಿಗೆ ಅದು ಒಪ್ಪುವುದು. ಆದರೆ ನಮ್ಮ ಅಕ್ಷರಗಳಲ್ಲಿ ಹಲವು ಒಂದಕ್ಕೊಂದು ಒಂದು ಸಣ್ಣ ಗೆರೆಯಷ್ಟರಿಂದ ಬೇರೆಯಾದುವು. ಹೊಟ್ಟೆ ಸೀಳಿದರೆ ದಕಾರ ಧಕಾರವಾಗುವುದು. ಒಳಗೊಂದು ಗೀಟೆಳೆದರೆ ಪಕಾರ ಷಕಾರವಾಗುವುದು. ಕತ್ತಲೆಯಲ್ಲಿ ಹೊಳೆಯುವ ಗೆರೆ ಕಣ್ಣಿಗೆ ಇದ್ದುದಕ್ಕಿಂತ ದಪ್ಪವಾಗಿ ತೋರುವುದು ಪ್ರಕೃತಿನಿಯಮ. ಬೆಳಕು ಅತಿಯಾದರೆ ಆ ಸಣ್ಣ ಸೀಳುಗಳೂ ಗೀಟುಗಳೂ ಪ್ರಭೆಯಲ್ಲಿ ಮುಚ್ಚಿಹೋಗುವುವು. ಆಗ "ಔಷಧ"ವು ದೂರದಿಂದ "ಔಪದ"ವಾಗುವುದು; ಧನಲಕ್ಷ್ಮಿಯ ಹೆಸರಿನ ಅಂಗಡಿಯಿದ್ದರೆ, ಪಾಪ, ಅವಳು ದನಲಕ್ಷ್ಮಿಯಾಗುವಳು. ಹಗಲಿನ ಬಣ್ಣದ ಹಲಗೆಗೆ ಬರೆದ ದಪ್ಪ ಅಕ್ಷರವನ್ನೇ ರಾತ್ರಿಯ ದೀಪಕ್ಕೂ ಬಳಸುವುದು ಇದಕ್ಕೆ ಮುಖ್ಯ ಕಾರಣ. ಬೆಳಗುವ ಅಕ್ಷರದ ಗೆರೆ ಕೊಂಚ ತೆಳುವಾಗಿಯೂ ಒಳಗಿನ ಬಯಲು ಕೊಂಚ ವಿಶಾಲವಾಗಿಯೂ ಇರತಕ್ಕದ್ದು.

ಒತ್ತಕ್ಷರಗಳ ಪಾಡು ಇದಕ್ಕೂ ಕಷ್ಟ. "ಲಕ್ಷ್ಮಿ" ಎಂಬಲ್ಲಿ ಒಂದು ಕಕಾರದ ಕೆಳಗೆ ಎರಡು ಒತ್ತುಗಳು ಇಳಿಯುವುವು. ಮೇಲಿನ ಅಕ್ಷರದ ಗೆರೆಯೊಳಗೆ ಸಲೀಸಾಗಿ ಕೂಡುವ ದೀಪ, ಒತ್ತಿನ ಕಿರಿದಾದ ಗೆರೆಯೊಳಗೆ ಕೂಡದು. ಅನೇಕ ಫಲಕಗಳಲ್ಲಿ ಒತ್ತುಗಳು ಅರೆಗತ್ತಲೆಯಲ್ಲಿರುವುದೂ, ದೀರ್ಘದ ಕೊಂಬೂ ಅನುಸ್ವಾರವೂ ಮೊದಲು ಆರುವುದೂ ಇದರಿಂದಲೇ. ಬಿಡಿಯಾಗಿ ನಿಂತ ಈ ಸಣ್ಣ ಪೆಟ್ಟಿಗೆಗಳಿಗೆ ಬೇರೆ ತಂತಿ, ಬೇರೆ ಗಂಟು ಬೇಕಾಗುವುವು. ಸಣ್ಣ ಹರಳುಗಳ ಕಿರಿಯ ಪಟ್ಟಿಯನ್ನು ಒತ್ತುಗಳಿಗೆ ಪ್ರತ್ಯೇಕವಾಗಿ ಬಳಸುವುದು ಇದಕ್ಕೆ ಉಪಾಯ. ಅಕ್ಷರದ ಎತ್ತರದ ವಿಷಯದಲ್ಲಿ, ಹತ್ತು ಅಡಿಯ ದೂರಕ್ಕೆ ಒಂದು ಅಂಗುಲವೆಂಬ ಲೆಕ್ಕವು ರೋಮನ್ ಅಕ್ಷರಗಳನ್ನು ಬರೆಯುವ ಫಲಕಗಾರರಲ್ಲಿ ರೂಢಿಯಲ್ಲಿದೆ. ನಮ್ಮಲ್ಲಿ ತಲೆಯ ಗುಡಿಸಿಗೂ ಅಡಿಯ ಒತ್ತಿಗೂ ಜಾಗವನ್ನು ಬಿಟ್ಟು, ನಡುವಣ ಮೂಲಾಕ್ಷರಕ್ಕೇ ಆ ಎತ್ತರವನ್ನು ಕೊಟ್ಟರೆ ನ್ಯಾಯವಾಗುವುದು.

ಫಲಕವನ್ನು ಮಾಡಿಸಬೇಕೆಂದಿರುವವರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಹ್ರಸ್ವ, ದೀರ್ಘ, ಒತ್ತುಗಳು ಸರಿಯಾಗಿರುವುವೆ ಎಂದು ಕಾಗದದ ಮೇಲೆಯೇ ಬಲ್ಲವರಿಂದ ಓದಿಸಿ ನೋಡಿ. ಲೋಹದಲ್ಲಿ ಕೊರೆದ ತಪ್ಪನ್ನು ಅಳಿಸಲಾಗದು. ಮುಖದ ಹಾಳೆಯನ್ನು ಮುಚ್ಚುವ ಮೊದಲು ಒಳಗಣ ತಂತಿಗಂಟುಗಳನ್ನು ತೋರಿಸೆಂದು ಕೇಳಿ. ತಳದ ತೂತುಗಳನ್ನು ಕಣ್ಣಾರೆ ನೋಡಿ. ವಿದ್ಯುತ್ತಿನ ಪೆಟ್ಟಿಗೆಯನ್ನು ಎಲ್ಲಿಡುವರು, ಅದು ಕೆಟ್ಟಾಗ ಗೋಡೆಯನ್ನು ಒಡೆಯದೆ ಬದಲಿಸಬಹುದೆ, ಲೋಹಕ್ಕೆ ಭೂಸಂಪರ್ಕವಿದೆಯೆ ಎಂದು ವಿಚಾರಿಸಿ. ಹಗಲಿನಲ್ಲಿ ಫಲಕವನ್ನು ಒಪ್ಪಿಕೊಳ್ಳಬೇಡಿ. ಕತ್ತಲಾದ ಮೇಲೆ ಬೀದಿಯ ಆಚೆ ಬದಿಯಲ್ಲಿ ನಿಂತು, ಕಣ್ಣು ಮಂದವಾದ ಹಿರಿಯರೊಬ್ಬರಿಂದ ಓದಿಸಿ. ಎದುರು ಮನೆಯವರ ನಿದ್ದೆಗೆ ಭಂಗ ಬರುವಷ್ಟು ಬೆಳಕು ಯಾವ ಅಂಗಡಿಗೂ ಬೇಕಾಗಿಲ್ಲ. ಇವನ್ನೆಲ್ಲ ತಾವಾಗಿಯೇ ತೋರಿಸುವ ಕೆಲಸಗಾರನು ನಾಲ್ಕು ಕಾಸು ಹೆಚ್ಚು ಕೇಳಿದರೆ ಸಂತೋಷದಿಂದ ಕೊಡಬಹುದು.

ಔಷಧದಂಗಡಿಯ ಫಲಕವನ್ನು ಆ ವೃದ್ಧರು ನಾಲ್ಕು ದಿನಗಳಲ್ಲಿ ಸರಿಪಡಿಸಿದರು. ಹಳೆಯ ಹರಳುಗಳಲ್ಲಿ ಬಹುಪಾಲನ್ನು ಹಾಗೆಯೇ ಉಳಿಸಿಕೊಂಡು, ತಂತಿಯನ್ನು ಬದಲಿಸಿ, ಗಂಟುಗಳನ್ನು ಮೇಲಕ್ಕೆತ್ತಿ ಮುಚ್ಚಿ, ಒಂದೊಂದಕ್ಷರದ ತಳದಲ್ಲಿಯೂ ಎರಡೆರಡು ತೂತುಗಳನ್ನು ಕೊರೆದರು. ಅದಾದ ಮೇಲೆ ಎರಡು ಮಳೆಗಾಲಗಳು ಕಳೆದಿವೆ. ಷಕಾರದ ಗೀಟೂ ಧಕಾರದ ಸೀಳೂ ಬೀದಿಯ ತಿರುವಿನಿಂದಲೇ ಕಾಣುತ್ತವೆ. ರಾತ್ರಿಯ ಹೊತ್ತು ಬಂದವರು ಅಂಗಡಿಯ ದಾರಿಯನ್ನು ಈಗ ನಮ್ಮನ್ನು ಕೇಳುವುದಿಲ್ಲ.